ಬೀದಿ ತಿನ್ನುವಷ್ಟೇ ಕರಿಯುವ ಅಂಗಡಿ

ಗಾಂಧಿ ಬಜಾರಿನ ಸುಬ್ಬಮ್ಮ ಅಂಗಡಿ 1948ರಿಂದ ನಡೆಯುತ್ತಿದೆ. ಹಪ್ಪಳ ಮಾಡಿ ಮನೆಮನೆಗೆ ಮಾರಿ ಬದುಕು ಕಟ್ಟಿಕೊಂಡ ಹೆಣ್ಣುಮಗಳೊಬ್ಬರ ಹೆಸರು ಇವತ್ತಿಗೂ ಆ ಬೋರ್ಡಿನ ಮೇಲಿದೆ. ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರ, ಜಯನಗರ, ರಾಜಾಜಿನಗರ, ಬೆಂಗಳೂರಿನ ಯಾವ ಹಳೆಯ ಬಡಾವಣೆಗೆ ಹೋದರೂ ಇಂಥದ್ದೇ ಒಂದು ಕುರುಕು ತಿಂಡಿ ಅಂಗಡಿ ಸಿಗುತ್ತದೆ. ಬೋರ್ಡಿನಲ್ಲಿ ಸಾಮಾನ್ಯವಾಗಿ ‘ಕಾಂಡಿಮೆಂಟ್ಸ್’ ಎಂದಿರುತ್ತದೆ. ಮುಂದೆ ಗಾಜಿನ ಪೆಟ್ಟಿಗೆ, ತಕ್ಕಡಿ, ಗಲ್ಲಾ. ಹಿಂದೆ, ಇಲ್ಲವೇ ಎರಡು ಬೀದಿ ಆಚೆ, ಕರಿಯುವ ಮನೆ.

ಇಂಥ ಅಂಗಡಿ ಎರಡು ಮೂರು ತಲೆಮಾರು ನಿಂತರೆ ಜನ ಅದಕ್ಕೆ ಕೊಡುವ ಕಾರಣ ಕೈರುಚಿ, ಅಜ್ಜಿ ಕಾಲದ ಗುಟ್ಟು. ಕೈರುಚಿ ಇಲ್ಲದೆ ಏನೂ ಆಗುವುದಿಲ್ಲ, ನಿಜ. ಆದರೆ ನಿಪ್ಪಟ್ಟು, ಕೋಡುಬಳೆ, ಚಕ್ಕುಲಿಯಲ್ಲಿ ಬಚ್ಚಿಡುವಂಥ ಗುಟ್ಟು ಯಾವುದೂ ಇಲ್ಲ. ಹಳೇ ಮೈಸೂರು ಸೀಮೆಯ ಅರ್ಧ ಮನೆಗಳಲ್ಲಿ ಆ ಅಳತೆ ಬಾಯಿಪಾಠ. ಅಂಗಡಿಯನ್ನು ಉಳಿಸುವುದು ಇನ್ನೊಂದು ಲೆಕ್ಕ: ಮೂರು ನಾಲ್ಕು ದಿನದಲ್ಲಿ ಖಾಲಿಯಾಗುವಷ್ಟನ್ನೇ ಕರಿಯುವುದು, ಅದಕ್ಕಿಂತ ಹೆಚ್ಚು ಕರಿಯದಿರುವುದು. ಉಳಿದ ಒಳ್ಳೆಯತನವೆಲ್ಲ ಈ ಲೆಕ್ಕದ ಹಿಂದೆಯೇ ಬರುತ್ತದೆ. ಎಣ್ಣೆ ಹಳತಾಗುವುದಿಲ್ಲ, ಡಬ್ಬದಲ್ಲಿ ಮಾಲು ಕಮಟುವುದಿಲ್ಲ, ಹಿಟ್ಟಿಗೆ ಹುಳ ಬೀಳುವುದಿಲ್ಲ, ಕಲಸುವವರ ಕೈ ದಿನವೂ ಪಳಗುತ್ತಿರುತ್ತದೆ.

ನಿಪ್ಪಟ್ಟಿನಿಂದಲೇ ಹೇಳುವುದು ಒಳ್ಳೆಯದು, ಏಕೆಂದರೆ ಅಂಗಡಿಯ ಹದ ಗೊತ್ತಾಗುವುದು ಅದರಲ್ಲೇ. ಒಂದು ಕಿಲೋ ಅಕ್ಕಿ ಹಿಟ್ಟಿಗೆ ಇನ್ನೂರು ಗ್ರಾಂ ಹುರಿಗಡಲೆ ಪುಡಿ, ಇನ್ನೂರು ಗ್ರಾಂ ಹುರಿದು ಸಿಪ್ಪೆ ತೆಗೆದು ತರಿತರಿಯಾಗಿ ಕುಟ್ಟಿದ ಕಡಲೆಕಾಯಿ ಬೀಜ, ಐವತ್ತು ಗ್ರಾಂ ಎಳ್ಳು. ಖಾರದ ಪುಡಿ ಇಪ್ಪತ್ತೈದರಿಂದ ಮೂವತ್ತು ಗ್ರಾಂ, ಉಪ್ಪೂ ಹೆಚ್ಚುಕಡಿಮೆ ಅಷ್ಟೇ, ಹೆಚ್ಚಿದ ಕರಿಬೇವು ಒಂದು ಹಿಡಿ, ನೀರಿನಲ್ಲಿ ಕರಗಿಸಿದ ಇಂಗು. ಹಿಟ್ಟು ಒಡೆಯದೆ ತಟ್ಟಲು ಬರಲಿ ಎಂದು ಕೆಲವರು ಇದರಲ್ಲಿ ನೂರು ಗ್ರಾಂನಷ್ಟು ಮೈದಾ ಅಥವಾ ಚಿರೋಟಿ ರವೆ ಸೇರಿಸುತ್ತಾರೆ. ಖಾರಕ್ಕೆ ಬರೀ ಬ್ಯಾಡಗಿ ಹಾಕಿದರೆ ಬಣ್ಣ ಬರುತ್ತದೆ, ಚುರುಕು ಬರುವುದಿಲ್ಲ. ಬರೀ ಗುಂಟೂರು ಹಾಕಿದರೆ ನಾಲಿಗೆ ಉರಿಯುತ್ತದೆ, ಬಣ್ಣ ಸಪ್ಪೆ. ಎರಡು ಪಾಲು ಬ್ಯಾಡಗಿಗೆ ಒಂದು ಪಾಲು ಗುಂಟೂರು ಎನ್ನುವುದು ಸುಮಾರಾಗಿ ಎಲ್ಲರಿಗೂ ಒಗ್ಗುವ ಲೆಕ್ಕ.

ಇಂಗಿನ ನೀರು ಬಿಟ್ಟು ಉಳಿದೆಲ್ಲವನ್ನೂ ಒಣಗಿದ್ದಾಗಲೇ ಬೆರೆಸಿ, ನೂರಿಪ್ಪತ್ತರಿಂದ ನೂರೈವತ್ತು ಗ್ರಾಂ ಎಣ್ಣೆಯನ್ನು ಹೊಗೆ ಬರುವ ಹಿಂದಿನ ಹಂತದವರೆಗೆ ಕಾಯಿಸಿ ಹಿಟ್ಟಿನ ಮೇಲೆ ಸುರಿಯಬೇಕು. ಚುಂಯ್ ಎನ್ನಬೇಕು. ಆಮೇಲೆ ಕೈಯಲ್ಲಿ ಚೆನ್ನಾಗಿ ಉಜ್ಜಬೇಕು. ಮುಷ್ಟಿಯಲ್ಲಿ ಹಿಡಿದರೆ ಹಿಟ್ಟು ಉಂಡೆಯಾಗಿ ನಿಲ್ಲಬೇಕು, ಬೆರಳಲ್ಲಿ ತಟ್ಟಿದರೆ ಉದುರಬೇಕು. ಈ ಒಂದು ನಿಮಿಷದ ಕೆಲಸದಲ್ಲಿ ನಿಪ್ಪಟ್ಟಿನ ಹಣೆಬರಹ ತೀರ್ಮಾನವಾಗಿಬಿಡುತ್ತದೆ. ಜಿಡ್ಡು ಕಡಿಮೆಯಾದರೆ ಹಲ್ಲಿಗೆ ಕಲ್ಲು. ಹೆಚ್ಚಾದರೆ ಬಾಣಲೆಗೆ ಬಿದ್ದೊಡನೆ ಅಂಚಿನಿಂದ ಬಿಚ್ಚಿಕೊಂಡು ಎಣ್ಣೆಯೆಲ್ಲ ಪುಡಿ. ಎಣ್ಣೆ ಸಾಕಷ್ಟು ಕಾಯದಿದ್ದರೆ ಹಿಟ್ಟಿನಲ್ಲಿ ಗಂಟುಗಂಟಾಗಿ ನಿಂತು, ಒಂದೇ ನಿಪ್ಪಟ್ಟಿನ ಒಂದು ಕಡೆ ಗರಿಗರಿ, ಇನ್ನೊಂದು ಕಡೆ ಗಟ್ಟಿ.

ನೀರು ಸುಮಾರು ಅರ್ಧ ಲೀಟರ್ ಹಿಡಿಯುತ್ತದೆ, ಅಕ್ಕಿ ಹಳತಾಗಿದ್ದರೆ ಸ್ವಲ್ಪ ಹೆಚ್ಚು. ಆದರೆ ಇಡೀ ಹಿಟ್ಟಿಗೆ ಒಮ್ಮೆಲೇ ನೀರು ಹಾಕಬಾರದು. ಜಿಡ್ಡು ಉಜ್ಜಿದ ಹಿಟ್ಟನ್ನು ಒಣದಾಗಿಯೇ ಇಟ್ಟುಕೊಂಡು, ಇಪ್ಪತ್ತು ನಿಮಿಷದಲ್ಲಿ ತಟ್ಟಿ ಮುಗಿಸುವಷ್ಟನ್ನು ಮಾತ್ರ ಕಲಸಿಕೊಳ್ಳಬೇಕು. ಉಪ್ಪು ಬಿದ್ದ ಹಿಟ್ಟು ಹೊತ್ತು ಹೋದಂತೆ ಸಡಿಲವಾಗುತ್ತದೆ, ಮೇಲ್ಮೈ ಒಣಗಿ ಬಿರುಕು ಬಿಡುತ್ತದೆ. ಸಡಿಲವಾಯಿತೆಂದು ಹಿಟ್ಟು, ಒಣಗಿತೆಂದು ನೀರು ಸೇರಿಸುತ್ತಾ ಹೋದರೆ ಕೊನೆಯ ಘಾಣಕ್ಕೂ (ಒಮ್ಮೆಗೆ ಬಾಣಲೆಗೆ ಬಿಡುವಷ್ಟು) ಮೊದಲ ಘಾಣಕ್ಕೂ ಸಂಬಂಧವೇ ಇರುವುದಿಲ್ಲ. ಎಣ್ಣೆ ಸವರಿದ ಹಾಳೆಯ ಮೇಲೆ ತಟ್ಟುವಾಗ ನಡು ದಪ್ಪ, ಅಂಚು ತೆಳು ಆಗುವುದು ಎಲ್ಲರ ಕೈಯ ಅಭ್ಯಾಸ. ಹಾಗಾದರೆ ಅಂಚು ಕರಕಾಗುವ ಹೊತ್ತಿಗೆ ನಡು ಇನ್ನೂ ಹಸಿ. ಮೇಲೆ ಬೆರಳಿನಿಂದಲೋ ಮುಳ್ಳುಚಮಚದಿಂದಲೋ ನಾಲ್ಕಾರು ತೂತು ಚುಚ್ಚದಿದ್ದರೆ ಒಳಗಿನ ಆವಿಗೆ ದಾರಿ ಸಿಗದೆ ಪೂರಿಯಂತೆ ಉಬ್ಬುತ್ತದೆ. ಉಬ್ಬಿದ ನಿಪ್ಪಟ್ಟಿನ ಒಳಮೈ ಎಣ್ಣೆಯನ್ನು ಕಾಣುವುದೇ ಇಲ್ಲ, ಆದ್ದರಿಂದ ಅದು ಮಾರನೆಯ ದಿನ ಮೆತ್ತಗಾಗುತ್ತದೆ.

ಎಣ್ಣೆ 160ರಿಂದ 165 ಡಿಗ್ರಿಯಲ್ಲಿರಬೇಕು. ಅಳೆಯುವ ಕಡ್ಡಿ ಇಲ್ಲದವರಿಗೆ ಹಿಟ್ಟಿನ ಚೂರು ಸಾಕು. ಹಾಕಿದೊಡನೆ ತಳಕ್ಕೆ ಹೋಗಿ, ಎರಡು ಮೂರು ಎಣಿಸುವಷ್ಟರಲ್ಲಿ ಮೇಲೆ ಬರಬೇಕು. ಬಿದ್ದ ತಕ್ಷಣ ತೇಲಿದರೆ ಉರಿ ಹೆಚ್ಚಾಗಿದೆ, ತಳದಲ್ಲೇ ಕೂತರೆ ಇನ್ನೂ ಕಾಯಬೇಕು. ಬಾಣಲೆ ತುಂಬ ನಿಪ್ಪಟ್ಟು ಬಿಟ್ಟರೆ ಎಣ್ಣೆ ಒಮ್ಮೆಲೇ ತಣ್ಣಗಾಗಿ ಹಿಟ್ಟು ಎಣ್ಣೆ ಕುಡಿಯುತ್ತದೆ. ಹಬ್ಬದ ಹಿಂದಿನ ದಿನ ಅವಸರದಲ್ಲಿ ಆಗುವ ಎಡವಟ್ಟು ಹೆಚ್ಚಾಗಿ ಇದೇ. ತೆಗೆಯುವ ಹೊತ್ತು ಬಣ್ಣ ನೋಡಿ ಗೊತ್ತಾಗುವುದಿಲ್ಲ, ಏಕೆಂದರೆ ಖಾರದ ಪುಡಿ ಮೊದಲೇ ಬಣ್ಣ ಕೊಟ್ಟಿರುತ್ತದೆ. ನೊರೆ ನೋಡಬೇಕು. ಗುಳ್ಳೆಗಳೆಂದರೆ ಹಿಟ್ಟಿನ ನೀರು ಆವಿಯಾಗಿ ಹೊರಬೀಳುತ್ತಿದೆ ಎಂದರ್ಥ. ಸದ್ದು ಇಳಿದು, ಗುಳ್ಳೆ ಹೆಚ್ಚುಕಡಿಮೆ ನಿಂತ ಮೇಲೆಯೇ ಜಾಲರಿಗೆ ತೆಗೆಯಬೇಕು. ಒಂದು ಕಿಲೋ ಅಕ್ಕಿ ಹಿಟ್ಟಿನ ಈ ಅಳತೆಯಿಂದ ಸುಮಾರು ಒಂದೂಮುಕ್ಕಾಲು ಕಿಲೋ ನಿಪ್ಪಟ್ಟು ಬರುತ್ತದೆ. ಅದಕ್ಕಿಂತ ಬಹಳ ಹೆಚ್ಚು ತೂಗಿದರೆ ಖುಷಿಪಡುವಂತಿಲ್ಲ. ಒಳಗೆ ನೀರೋ ಎಣ್ಣೆಯೋ ಕೂತಿದೆ.

ಕೋಡುಬಳೆಯ ಕಷ್ಟ ಬೇರೆ. ಅದು ಬೆರಳಿನಷ್ಟು ದಪ್ಪ, ಆದ್ದರಿಂದ ತಾಳ್ಮೆಯ ತಿಂಡಿ. ಒಣಕೊಬ್ಬರಿ, ಬ್ಯಾಡಗಿ ಮೆಣಸಿನಕಾಯಿ, ಉಪ್ಪು, ಇಂಗು ನುಣ್ಣಗೆ ರುಬ್ಬಿ, ಅಕ್ಕಿ ಹಿಟ್ಟು, ಚಿರೋಟಿ ರವೆ, ಮೈದಾ, ಹುರಿಗಡಲೆ ಪುಡಿಗೆ ಬಿಸಿ ಜಿಡ್ಡಿನೊಂದಿಗೆ ಕಲಸುತ್ತಾರೆ. ಹೊಸೆದು, ತುದಿ ಕೂಡಿಸಿ, ಸಣ್ಣ ಉರಿಯಲ್ಲಿ, 150 ಡಿಗ್ರಿಯ ಆಸುಪಾಸಿನಲ್ಲಿ, ಹತ್ತು ಹನ್ನೆರಡು ನಿಮಿಷ ಬೇಯಿಸಬೇಕು. ಐದು ನಿಮಿಷಕ್ಕೇ ಅದು ತಿನ್ನಲು ಕರೆಯುವಷ್ಟು ಕೆಂಪಾಗಿ ನಿಲ್ಲುತ್ತದೆ. ಆಗ ತೆಗೆದ ಕೋಡುಬಳೆ ಆ ಸಂಜೆ ಚೆನ್ನಾಗಿಯೇ ಇರುತ್ತದೆ. ರಾತ್ರಿ ಕಳೆಯುವುದರೊಳಗೆ ನಡುವಿನ ತೇವ ಹೊರಮೈಗೆ ಹರಡಿ, ಬೆಳಗ್ಗೆ ಮುರಿದರೆ ಟಕ್ ಎನ್ನುವುದಿಲ್ಲ, ಬಾಗುತ್ತದೆ. ಕೂಡಿಸಿದ ಜಾಗದಲ್ಲಿ ಬಿಚ್ಚಿಕೊಂಡಿದ್ದರೆ ಹೊಸೆಯುವಾಗ ಹಿಟ್ಟು ಒಣಗಿತ್ತು, ಒದ್ದೆ ಬಟ್ಟೆ ಮುಚ್ಚಿರಲಿಲ್ಲ. ಕೊಬ್ಬರಿ ಇರುವುದರಿಂದ ಇದು ಚಕ್ಕುಲಿಗಿಂತ ಬೇಗ ಕಮಟುತ್ತದೆ. ಕೊಬ್ಬರಿ ಗಿಟುಕನ್ನು ಒಡೆದು ಮೂಸಿ ನೋಡದೆ ರುಬ್ಬಲು ಹಾಕುವ ಅಂಗಡಿಯಲ್ಲಿ ಕೋಡುಬಳೆ ಕೊಳ್ಳದಿರುವುದೇ ವಾಸಿ.

ಚಕ್ಕುಲಿಗೆ ನಾಲ್ಕು ಪಾಲು ಅಕ್ಕಿಗೆ ಒಂದು ಪಾಲು ಹುರಿದ ಉದ್ದು, ಕಿಲೋಗೆ ಎಂಬತ್ತು ನೂರು ಗ್ರಾಂ ಬೆಣ್ಣೆ. ಉದ್ದು ಘಮ್ಮೆಂದರೆ ಸಾಕು, ಕೆಂಪಾದರೆ ಚಕ್ಕುಲಿ ಕಹಿ. ಒರಳಿನಿಂದ ಎಳೆ ತುಂಡುತುಂಡಾಗಿ ಬಿದ್ದರೆ ನೀರು ಕಡಿಮೆ. ಮುಳ್ಳು ನಿಲ್ಲದೆ ಮಲಗಿದರೆ ನೀರು ಹೆಚ್ಚು. ಇಲ್ಲಿ ಜನ ಮರೆಯುವುದು ಹಿಟ್ಟಿನ ಗಿರಣಿಯನ್ನು. ನಮ್ಮ ಅಕ್ಕಿಗೆ ಮುಂಚೆ ಯಾರದೋ ರಾಗಿ ಬಿದ್ದಿದ್ದರೆ ಚಕ್ಕುಲಿಯಲ್ಲಿ ಕಪ್ಪು ಚುಕ್ಕಿ. ಗೋಧಿ ಬಿದ್ದಿದ್ದರೆ ಜಿಗುಟು. ಮೊದಲು ಒಂದು ಕಿಲೋ ಅಕ್ಕಿಯನ್ನು ಗಿರಣಿ ತೊಳೆಯಲೆಂದೇ ಹಾಕಿಸಿ, ಆ ಹಿಟ್ಟನ್ನು ಬೇರೆ ಇಟ್ಟು, ಆಮೇಲೆ ತಮ್ಮದನ್ನು ಹಾಕಿಸುವ ಅಂಗಡಿಯವರಿದ್ದಾರೆ. ಗಿರಣಿಯಿಂದ ಬಿಸಿಬಿಸಿಯಾಗಿ ಬಂದ ಹಿಟ್ಟನ್ನು ಹಾಗೇ ಡಬ್ಬಕ್ಕೆ ತುಂಬಿ ಮುಚ್ಚಿದರೆ ಮುಚ್ಚಳ ಬೆವರುತ್ತದೆ, ಹಿಟ್ಟು ಮುಗ್ಗಲು ಹಿಡಿಯುತ್ತದೆ. ಬಟ್ಟೆಯ ಮೇಲೆ ಹರವಿ ಆರಿಸಿ, ಜರಡಿ ಹಿಡಿದೇ ತುಂಬಬೇಕು. ಜರಡಿ ಹಿಡಿಯದ ಹಿಟ್ಟಿನ ನುಚ್ಚು ಒಂದು ಕಾಳು ಒರಳಿನ ಬಿಲ್ಲೆಯ ತೂತಿಗೆ ಸಿಕ್ಕಿದರೆ ಎಳೆಯೆಲ್ಲ ಸೀಳು.

ಕಾಂಗ್ರೆಸ್ ಕಡಲೆಕಾಯಿಗೆ ಕರಿಯುವ ಗೋಜಿಲ್ಲ. ಹುರಿದು, ಸಿಪ್ಪೆ ತಿಕ್ಕಿ ತೂರಿ, ಇಬ್ಭಾಗವಾದ ಬೇಳೆ. ಕಿಲೋಗೆ ನಲವತ್ತು ಐವತ್ತು ಮಿಲಿ ಎಣ್ಣೆ ಕಾಯಿಸಿ, ಕರಿಬೇವು ಗರಿಗರಿಯಾದ ಮೇಲೆ ಉರಿ ಆರಿಸಿ, ಆಮೇಲೆ ಅರಿಶಿನ, ಇಂಗು, ಖಾರದ ಪುಡಿ, ಕಾಳುಮೆಣಸಿನ ಪುಡಿ. ಉರಿಯ ಮೇಲಿದ್ದಾಗಲೇ ಖಾರದ ಪುಡಿ ಹಾಕಿದವರಿಗೆ ಕೆಮ್ಮೂ ಬರುತ್ತದೆ, ಬೇಳೆಗೆ ಸೀದ ವಾಸನೆಯೂ ಬರುತ್ತದೆ. ಉಪ್ಪನ್ನು ನುಣ್ಣಗೆ ಪುಡಿ ಮಾಡಿಯೇ ಹಾಕಬೇಕು, ಹರಳುಪ್ಪು ಬೇಳೆಗೆ ಅಂಟದೆ ಡಬ್ಬದ ತಳ ಸೇರುತ್ತದೆ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನಡೆಯುವ ಹೊತ್ತಿಗೆ ಮಾರುಕಟ್ಟೆಗೆ ಹೊಸ ಬೆಳೆ ಬಂದಿರುತ್ತದೆ. ಹೊಸ ಬೀಜದಲ್ಲಿ ತೇವ ಹೆಚ್ಚು. ಹಳೆಯ ಬೀಜದ ಲೆಕ್ಕದಲ್ಲೇ ಹುರಿದರೆ ಎರಡನೇ ದಿನ ಅಗಿದಂತಾಗುತ್ತದೆ, ಕುರುಕುವುದಿಲ್ಲ. ಸಣ್ಣ ಉರಿಯಲ್ಲಿ ಇನ್ನಷ್ಟು ಹೊತ್ತು ಹುರಿಯಬೇಕು. ಸುಕ್ಕಿದ, ಕಪ್ಪಾದ, ಬೂಷ್ಟು ಹಿಡಿದ ಬೀಜವನ್ನು ಒಂದೊಂದಾಗಿ ಆರಿಸಿ ತೆಗೆಯಲು ಒಬ್ಬರು ಕೂರಲೇಬೇಕು. ಒಂದು ಕೆಟ್ಟ ಬೀಜ ತಿಂದವರಿಗೆ ಇಡೀ ಪೊಟ್ಟಣ ಕಹಿ, ಮೇಲಾಗಿ ಆ ಬೂಷ್ಟು ವಿಷ. ಹುರಿದರೆ ಹೋಗುವಂಥದ್ದಲ್ಲ ಅದು.

ಇನ್ನು ಎಣ್ಣೆ. ಅಂಗಡಿಯ ಪ್ರಾಮಾಣಿಕತೆ ಇರುವುದು ಇದರಲ್ಲೇ. ಹಿಟ್ಟು ಕೆಟ್ಟರೆ ಗಿರಾಕಿ ಅವತ್ತೇ ಹೇಳುತ್ತಾರೆ. ಎಣ್ಣೆ ಕೆಟ್ಟರೆ ಮೂರು ದಿನ ಆದ ಮೇಲೆ ಗಂಟಲು ಹೇಳುತ್ತದೆ, ಅಷ್ಟರಲ್ಲಿ ಮಾಲು ಮಾರಾಟವಾಗಿರುತ್ತದೆ. ಕರಿಯುವ ಕ್ರಮಕ್ಕೂ ಒಂದು ನೀತಿ ಇದೆ. ಬೆಳಗ್ಗೆ ಹೊಸ ಎಣ್ಣೆಗೆ ಮೊದಲು ಬೀಳಬೇಕಾದದ್ದು ಖಾರವಿಲ್ಲದ ತೇಂಗೊಳಲು, ಚಕ್ಕುಲಿ. ಆಮೇಲೆ ಕೋಡುಬಳೆ. ಕೊನೆಗೆ ನಿಪ್ಪಟ್ಟು. ಖಾರದ ಪುಡಿ, ಎಳ್ಳು, ಕಡಲೆಕಾಯಿ ಚೂರು ಎಣ್ಣೆಗೆ ಉದುರಿ ಸೀದು, ಮುಂದಿನ ಘಾಣಕ್ಕೆ ಕಹಿಯನ್ನೂ ಕಪ್ಪನ್ನೂ ಕೊಡುತ್ತವೆ. ಆದ್ದರಿಂದ ಪ್ರತಿ ಘಾಣದ ನಡುವೆ ಸಣ್ಣ ಜಾಲರಿಯಲ್ಲಿ ಕರಟು ತೆಗೆಯಬೇಕು, ಸಂಜೆ ಎಣ್ಣೆ ಆರಿದ ಮೇಲೆ ಬಟ್ಟೆಯಲ್ಲಿ ಶೋಧಿಸಬೇಕು. ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಎಣ್ಣೆ ಬೇಗ ಕೆಡುತ್ತದೆ, ಆ ಲೋಹಗಳು ಎಣ್ಣೆ ಕಮಟುವುದನ್ನು ಚುರುಕುಗೊಳಿಸುತ್ತವೆ. ಸೂರ್ಯಕಾಂತಿ ಎಣ್ಣೆ ಮನೆಯ ಒಗ್ಗರಣೆಗೆ ಸರಿ. ಗಂಟೆಗಟ್ಟಲೆ ಕಾಯುವ ಬಾಣಲೆಯಲ್ಲಿ ಬೇಗ ನೊರೆ ಕಟ್ಟಿ ಅಂಟಂಟಾಗುತ್ತದೆ. ಕಡಲೆಕಾಯಿ ಎಣ್ಣೆ, ಪಾಮೊಲಿನ್ ಹೆಚ್ಚು ತಾಳುತ್ತವೆ. ಪಾಮೊಲಿನ್ ಅಗ್ಗ, ಆದರೆ ಡಿಸೆಂಬರಿನ ಚಳಿಗೆ ತಿಂಡಿಯ ಮೈಮೇಲೆ ಮಂಕಾಗಿ ಕೂತು ತಿಂದವರ ಅಂಗುಳಕ್ಕೆ ಹತ್ತುತ್ತದೆ.

ಎಣ್ಣೆ ಯಾವಾಗ ಚೆಲ್ಲಬೇಕು ಎನ್ನುವುದಕ್ಕೆ ಕಾನೂನೂ ಇದೆ. ಕಾದು ಕಾದು ಎಣ್ಣೆಯಲ್ಲಿ ಹುಟ್ಟುವ ಧ್ರುವೀಯ ಸಂಯುಕ್ತಗಳು ಶೇ. 25 ದಾಟಿದರೆ ಆ ಎಣ್ಣೆ ಬಳಸುವಂತಿಲ್ಲ ಎಂಬ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಅಳೆಯುವ ಮೀಟರು ಸಿಗುತ್ತದೆ, ಸಣ್ಣ ಅಂಗಡಿಗೆ ಅದು ದುಬಾರಿ. ಮೀಟರಿಲ್ಲದೆಯೂ ಗೊತ್ತಾಗುವ ಲಕ್ಷಣಗಳಿವೆ: ಗುಳ್ಳೆ ಒಡೆಯದೆ ನೊರೆಯಾಗಿ ನಿಲ್ಲುವುದು, ಮುಂಚೆ ಹೊಗೆಯಾಡದ ಬಿಸಿಗೇ ಹೊಗೆಯಾಡುವುದು, ಸೌಟಿನಿಂದ ಎಣ್ಣೆ ತೊಟ್ಟಿಕ್ಕದೆ ಎಳೆಯಾಗಿ ಇಳಿಯುವುದು. ಈ ಮೂರರಲ್ಲಿ ಒಂದು ಕಂಡರೂ ಆ ಎಣ್ಣೆಗೆ ಹೊಸ ಎಣ್ಣೆ ಬೆರೆಸಿ ತಿಳಿ ಮಾಡುವ ಆಸೆ ಬಿಡಬೇಕು. ಹಳತು ಹೊಸದನ್ನೂ ಬೇಗ ಕೆಡಿಸುತ್ತದೆ. ಆದರೆ ಒಂದು ಡಬ್ಬ ಎಣ್ಣೆಯ ಬೆಲೆ ಗೊತ್ತಿರುವವರಿಗೆ ಚೆಲ್ಲುವ ಕಷ್ಟವೂ ಗೊತ್ತು. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಸಂಸ್ಕರಿಸಿದ ಖಾದ್ಯ ತೈಲದ ಮೂಲ ಆಮದು ಸುಂಕವನ್ನು ಶೇ. 12.5ರಿಂದ 32.5ಕ್ಕೆ ಏರಿಸಿದಾಗ ಪೆಟ್ಟು ಬಿದ್ದದ್ದು ಇಂಥ ಬಾಣಲೆಗಳಿಗೇ. ಬೀದಿ ತಿನ್ನುವಷ್ಟೇ ಕರಿಯುವ ಅಂಗಡಿಗೆ ಇಲ್ಲೊಂದು ಅನುಕೂಲವಿದೆ. ಬಾಣಲೆ ಕಾಯುವ ಗಂಟೆಗಳೇ ಕಡಿಮೆ. ಉಳಿದ ಎಣ್ಣೆ ಕಡಿಮೆ, ಮರುದಿನ ಸೇರುವ ಹೊಸ ಎಣ್ಣೆಯ ಪಾಲು ಹೆಚ್ಚು.

ಮುಂಭಾಗದ ಗಾಜಿನ ಪೆಟ್ಟಿಗೆಯ ಬಳಿ ಐದು ನಿಮಿಷ ನಿಂತರೆ ಈ ಲೆಕ್ಕ ಮಾತಿನಲ್ಲೇ ಕೇಳಿಸುತ್ತದೆ.

“ನಿಪ್ಪಟ್ಟು ಇವತ್ತಿಂದಾ?”

“ಬೆಳಗ್ಗೆದು ಅಮ್ಮ.”

“ಕೋಡುಬಳೆ?”

“ಅದು ಮೊನ್ನೇದು. ಸಂಜೆ ಐದೂವರೆಗೆ ಹೊಸದು ಬರತ್ತೆ, ಆಗ ಕೊಡ್ಲಾ?”

“ಹಂಗಾದ್ರೆ ನಿಪ್ಪಟ್ಟು ಕಾಲು ಕೆಜಿ ಕಟ್ಟಿ, ಮೊಮ್ಮಗನ್ನ ಕಳಿಸ್ತೀನಿ.”

ಮೊನ್ನೇದು ಎಂದು ಅಂಗಡಿಯವರೇ ಹೇಳುತ್ತಾರೆ. ಹೇಳಿದ್ದರಿಂದ ಕೋಡುಬಳೆಯ ವ್ಯಾಪಾರ ಆ ಹೊತ್ತಿಗೆ ತಪ್ಪಿತು. ಆ ಅಮ್ಮ ಮಾತ್ರ ಇನ್ನೊಂದು ಅಂಗಡಿಗೆ ಹೋಗುವುದಿಲ್ಲ. ಒಂದೇ ಬೀದಿಯ ಅವೇ ಮನೆಗಳಿಗೆ ವರ್ಷಗಟ್ಟಲೆ ಮಾರುವವರು ಸುಳ್ಳು ಹೇಳಿ ಎಷ್ಟು ದಿನ ನಡೆಸಲು ಸಾಧ್ಯ? ತಳದಲ್ಲಿ ಮುರಿದು ಉಳಿದ ನಿಪ್ಪಟ್ಟೂ ಹಾಳಾಗುವುದಿಲ್ಲ. ಸಂಜೆ ಅದನ್ನೇ ಪುಡಿಮಾಡಿ, ಈರುಳ್ಳಿ, ಟೊಮೆಟೊ, ತುರಿದ ಕ್ಯಾರೆಟ್, ಕೊತ್ತಂಬರಿ, ಹಸಿರು ಚಟ್ನಿ, ಮೇಲೊಂದಿಷ್ಟು ಕಾಂಗ್ರೆಸ್ ಕಡಲೆಕಾಯಿ ಹಾಕಿದರೆ ನಿಪ್ಪಟ್ಟು ಮಸಾಲೆ. ಮುರಿದದ್ದಕ್ಕೇ ಇಡಿಯದ್ದಕ್ಕಿಂತ ಹೆಚ್ಚು ಬೆಲೆ ಸಿಗುತ್ತದೆ. ಟೊಮೆಟೊದ ಬೀಜದ ಭಾಗ ತೆಗೆದು ಹೆಚ್ಚಬೇಕು, ಇಲ್ಲದಿದ್ದರೆ ಕೈಗೆ ಕೊಡುವ ಮೊದಲೇ ನಿಪ್ಪಟ್ಟು ನೆನೆದಿರುತ್ತದೆ.

ಲೆಕ್ಕ ತಪ್ಪುವುದು ಎರಡು ಸಂದರ್ಭದಲ್ಲಿ. ಒಂದು ಗೋಕುಲಾಷ್ಟಮಿ. ಚಕ್ಕುಲಿ, ಕೋಡುಬಳೆ, ಮುಚ್ಚೋರೆ, ತೇಂಗೊಳಲು ಎಲ್ಲರಿಗೂ ಒಂದೇ ದಿನ ಬೇಕು. ಬೆನ್ನಿಗೇ ಗೌರಿ ಗಣೇಶ. ಅದು ಮಳೆಗಾಲವೂ ಹೌದು. ಕರಿದದ್ದನ್ನು ಪೂರ್ತಿ ಆರಿಸದೆ ಪ್ಲಾಸ್ಟಿಕ್ ಚೀಲಕ್ಕೆ ತುಂಬಿದರೆ ಒಳಗೆ ಬೆವರು, ತೆರೆದಿಟ್ಟು ಹೆಚ್ಚು ಹೊತ್ತು ಆರಿಸಿದರೆ ಗಾಳಿಯ ತೇವ. ಜಾಲರಿಯ ಮೇಲೆ ಒಂದೇ ಪದರವಾಗಿ ಹರವಿ, ಮುಟ್ಟಿದರೆ ಬಿಸಿಯೇ ತಿಳಿಯದ ಹದಕ್ಕೆ ಬಂದೊಡನೆ ಡಬ್ಬಕ್ಕೆ ಹಾಕಿ ಮುಚ್ಚುವುದೊಂದೇ ದಾರಿ. ಹಬ್ಬಕ್ಕೆ ಐದಾರು ದಿನ ಇರುವಾಗಲೇ ‘ಆರ್ಡರ್ ತೆಗೆದುಕೊಳ್ಳುವುದಿಲ್ಲ’ ಎಂದು ಬೋರ್ಡು ಹಾಕುವ ಅಂಗಡಿಯ ಬಗ್ಗೆ ಗಿರಾಕಿಗಳಿಗೆ ಸಿಟ್ಟು ಬರುತ್ತದೆ. ಆ ಬೋರ್ಡು ಹಾಕದೆ, ಹೊರಗಿನಿಂದ ಮಾಲು ತರಿಸಿ ತಮ್ಮ ಡಬ್ಬಕ್ಕೆ ತುಂಬುವ ಅಂಗಡಿಗಿಂತ ಅದು ಎಷ್ಟೋ ಮೇಲು.

ಇನ್ನೊಂದು, ದೊಡ್ಡದಾಗುವ ಆಸೆ. ಮೂರು ಕಡೆ ಶಾಖೆ ಎಂದ ಮೇಲೆ ಒಂದೇ ಕಡೆ ಕರಿದು ಗಾಡಿಯಲ್ಲಿ ಕಳಿಸಬೇಕು. ಕಳಿಸಿದ ಮಾಲು ಖಾಲಿಯಾಗುವ ದಿನ ಕರಿಯುವವರ ಕಣ್ಣಿಗೆ ಕಾಣುವುದಿಲ್ಲ. ಹದಿನೈದು ದಿನ ಕೆಡದಿರಲಿ ಎಂದು ಮೊದಲು ಕೊಬ್ಬರಿ ಕಡಿಮೆಯಾಗುತ್ತದೆ, ಆಮೇಲೆ ಬೆಣ್ಣೆಯ ಜಾಗಕ್ಕೆ ಡಾಲ್ಡಾ, ಆಮೇಲೆ ಕರಿಬೇವು ಒಣ ಪುಡಿಯಾಗುತ್ತದೆ. ಪ್ರತಿ ಬದಲಾವಣೆಗೂ ಕಾರಣವಿರುತ್ತದೆ, ಎಲ್ಲ ಸೇರಿದಾಗ ತಿಂಡಿಯೇ ಬೇರೆ. ದೊಡ್ಡದಾಗಲೇಬಾರದು ಎಂದು ಹೇಳುವುದು ಕಷ್ಟ, ಬಾಡಿಗೆ, ಸಂಬಳ, ಹತ್ತೊಂಬತ್ತು ಕಿಲೋ ಗ್ಯಾಸ್ ಸಿಲಿಂಡರಿನ ಬೆಲೆ ಯಾವುದೂ ನಿಂತಲ್ಲಿ ನಿಂತಿಲ್ಲ. ಚಿಕ್ಕದಾಗಿ ಉಳಿಯುವುದಕ್ಕೂ ಬೇರೆ ತಾಪತ್ರಯಗಳಿವೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಯ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟಾಗ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಲ್ಲಿ ಕ್ಯೂಆರ್ ಚೀಟಿ ಮಾಯವಾಗಿ ‘ನಗದು ಮಾತ್ರ’ ಎಂಬ ಬರಹ ಬಂತು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟು ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ದಿನಕ್ಕೆ ಹನ್ನೊಂದು ಸಾವಿರ ರೂಪಾಯಿಯ ವ್ಯಾಪಾರವಾದರೆ ಆ ಗೆರೆ ಮುಟ್ಟಿದಂತೆ. ಲಾಭವಲ್ಲ, ವಹಿವಾಟು. ಚೀಟಿ ಪುಸ್ತಕದಲ್ಲಿ ಲೆಕ್ಕ ಬರೆಯುತ್ತಿದ್ದ ಅಂಗಡಿಗಳು ಈ ವ್ಯತ್ಯಾಸ ತಿಳಿಯುವುದರೊಳಗೆ ನೋಟಿಸು ಕೈಗೆ ಬಂದಿತ್ತು. ನೋಂದಣಿ ಮಾಡಿಸಿ, ಎಣ್ಣೆ, ಗ್ಯಾಸಿನ ಬಿಲ್ಲುಗಳನ್ನು ಜೋಪಾನವಾಗಿಟ್ಟುಕೊಂಡು ಲೆಕ್ಕ ಪರಿಶೋಧಕರಿಗೆ ಒಪ್ಪಿಸುವುದೇ ಈಗ ಸುರಕ್ಷಿತ. ಅದಕ್ಕೆ ತಗಲುವ ಖರ್ಚನ್ನು ಕಿಲೋ ಮೇಲೆ ಹತ್ತು ರೂಪಾಯಿ ಏರಿಸಿ ನೇರವಾಗಿ ಬೋರ್ಡಿನಲ್ಲಿ ಬರೆದರೆ ಹಳೆಯ ಗಿರಾಕಿಗಳು ಗೊಣಗಿಯಾದರೂ ಒಪ್ಪುತ್ತಾರೆ. ಬೆಲೆ ಹಾಗೇ ಇಟ್ಟು ಜಿಡ್ಡು ಇಳಿಸಿದರೆ ಏನೂ ಹೇಳದೆ ಬರುವುದನ್ನು ನಿಲ್ಲಿಸುತ್ತಾರೆ.

ಅಂಗಡಿಗೆ ಈಗ ಬರುವ ದೊಡ್ಡ ಆರ್ಡರುಗಳಲ್ಲಿ ಒಂದು ಪಾಲು ಅಮೆರಿಕಕ್ಕೋ ಇಂಗ್ಲೆಂಡಿಗೋ ಹೋಗುವ ಮಕ್ಕಳಿಗೆ. ನಾಲ್ಕು ದಿನದಲ್ಲಿ ತಿಂದು ಮುಗಿಸಲೆಂದು ಮಾಡಿದ ತಿಂಡಿ ಒಂದು ತಿಂಗಳು ತಾಳಬೇಕು. ಹಾಗಾಗಿ ಹಾರುವ ಹಿಂದಿನ ದಿನ ಹೋಗಿ ಪೆಟ್ಟಿಗೆಯಲ್ಲಿ ಇದ್ದದ್ದನ್ನು ಕಟ್ಟಿಸಿಕೊಳ್ಳುವುದು ಸರಿಯಲ್ಲ. ಒಂದು ವಾರ ಮೊದಲೇ ಹೇಳಿ, ಹೊರಡುವ ಎರಡು ದಿನ ಮುಂಚೆ ಹೊಸ ಎಣ್ಣೆಯ ಮೊದಲ ಘಾಣಗಳಲ್ಲಿ ತಮ್ಮದನ್ನು ತೆಗೆಸಿಕೊಳ್ಳಬೇಕು. ಇನ್ನೊಂದು ನಿಮಿಷ ಹೆಚ್ಚು ಬೇಯಲಿ, ಬಣ್ಣ ಒಂದು ಹದ ಕಪ್ಪಾದರೂ ಪರವಾಗಿಲ್ಲ ಎಂದು ಹೇಳಬೇಕು. ಚಕ್ಕುಲಿಯ ಪಾಲು ಹೆಚ್ಚಿರಲಿ, ಕೊಬ್ಬರಿ ಇರುವ ಕೋಡುಬಳೆ ಕಡಿಮೆ ಇರಲಿ, ಅದನ್ನು ಹೋದ ಮೊದಲ ವಾರದಲ್ಲೇ ತಿನ್ನಲಿ. ಎಲ್ಲವನ್ನೂ ಒಂದೇ ದೊಡ್ಡ ಚೀಲದಲ್ಲಿ ತುಂಬಿಸದೆ ಕಾಲು ಕಿಲೋ ಪೊಟ್ಟಣಗಳಾಗಿ ಸೀಲ್ ಮಾಡಿಸಬೇಕು, ಆಗ ಒಂದನ್ನು ತೆರೆದರೆ ಉಳಿದದ್ದಕ್ಕೆ ಗಾಳಿ ತಾಗುವುದಿಲ್ಲ. ನಿಪ್ಪಟ್ಟನ್ನು ಬಿಲ್ಲೆಗಳ ಹಾಗೆ ಒಂದರ ಮೇಲೊಂದು ಜೋಡಿಸಿ, ಬಿಗಿಯಾಗಿ ಕಾಗದ ಸುತ್ತಿ, ಗಟ್ಟಿ ಡಬ್ಬದಲ್ಲಿ ಅಡ್ಡ ಮಲಗಿಸಬೇಕು. ಸುತ್ತುವುದಕ್ಕೆ ಪತ್ರಿಕೆ ಬೇಡ, ಎಣ್ಣೆಗೆ ಮಸಿ ಬಿಡುತ್ತದೆ. ಬಿಳಿ ಬೆಣ್ಣೆ ಕಾಗದ ಕೇಳಿದರೆ ಅಂಗಡಿಯವರೇ ಕೊಡುತ್ತಾರೆ.